ಹೊಲದ ಮಣ್ಣಿನ ನಕ್ಷೆ ನೀವೇ ಮಾಡಿಕೊಳ್ಳಿ: ಗುಂಡಿ ತೋಡುವುದರಿಂದ ಬೆಳೆ ಆರಿಸುವ ತನಕ

"ಮಣ್ಣು ಪರೀಕ್ಷೆ ಮಾಡಿಸಿದ್ದೇವೆ, ವರದಿಯಲ್ಲಿ ಎಲ್ಲ ಸರಿಯಿದೆ. ಆದರೂ ಕೆಳಗಿನ ತಾಕಿನ ಮಾವು ಯಾಕೆ ಒಣಗುತ್ತಿದೆ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಹೆಚ್ಚಿನ ಸಲ ವರದಿಯಲ್ಲಿ ತಪ್ಪಿರುವುದಿಲ್ಲ, ಕೆಲಸದ ಕ್ರಮದಲ್ಲಿ ತಪ್ಪಿರುತ್ತದೆ. ಇಡೀ ಹೊಲದಲ್ಲಿ ಹತ್ತು ಕಡೆ ಮಣ್ಣು ತೆಗೆದು, ಒಂದೇ ಬಾಂಡ್ಲಿಗೆ ಹಾಕಿ ಕಲಸಿ, ಅರ್ಧ ಕೆಜಿ ಕಳಿಸಿರುತ್ತಾರೆ. ಮೇಲಿನ ಗರಸು (ಕಲ್ಲು ಬೆರೆತ ಮಣ್ಣು), ನಡುವಿನ ಕೆಂಪು, ತಗ್ಗಿನ ಚೌಳು (ಉಪ್ಪು, ಕ್ಷಾರದಿಂದ ಕೆಟ್ಟ ಮಣ್ಣು) ಮೂರೂ ಸೇರಿ, ಆ ಹೊಲದಲ್ಲಿ ಎಲ್ಲೂ ಇಲ್ಲದ ಮಣ್ಣೊಂದರ ವರದಿ ಬಂದಿರುತ್ತದೆ.

ಇನ್ನೊಂದು ತೊಂದರೆಯೂ ಇದೆ. ವರದಿ ಹೇಳುವುದು ಮೇಲಿನ 15 ಸೆಂ.ಮೀ. ಮಣ್ಣಿನ ಕಥೆ. ಸಾರಜನಕ, ರಂಜಕ, ಪೊಟ್ಯಾಷ್ ಕಡಿಮೆಯಿದ್ದರೆ ಗೊಬ್ಬರ ಹಾಕಬಹುದು. ಆದರೆ ಒಂದೂವರೆ ಅಡಿಗೇ ಬಂಡೆ ಇದ್ದರೆ, ಮಣ್ಣಿನ ಅರ್ಧ ಭಾಗ ಕಲ್ಲಿದ್ದರೆ, ಕೆಳಗೆ ನೀರು ನಿಲ್ಲುತ್ತಿದ್ದರೆ ಯಾವ ಗೊಬ್ಬರವೂ ಅದನ್ನು ಸರಿ ಮಾಡುವುದಿಲ್ಲ. ಯಾವ ತಾಕಿನಲ್ಲಿ ಏನು ಮಾಡಬೇಕು ಅಂತ ತೀರ್ಮಾನಿಸುವುದು ಇಂಥ ಬದಲಾಗದ ಗುಣಗಳೇ. ಹಾಗಾಗಿ ನಕ್ಷೆ ಮೊದಲು, ಸ್ಯಾಂಪಲ್ ಆಮೇಲೆ.

ಬಯಲುಸೀಮೆಯ ಹೊಲಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಮಲೆನಾಡು, ಕರಾವಳಿಯಲ್ಲೂ ಹಂತಗಳು ಇವೇ. ಬೇರೆಯಾಗುವುದನ್ನು ಅಲ್ಲಲ್ಲೇ ಹೇಳಿದ್ದೇನೆ.

## ಯಾವಾಗ ಮಾಡಬೇಕು, ಏನೇನು ಬೇಕು

ಸುಗ್ಗಿ ಮುಗಿದು, ಮುಂಗಾರು ಉಳುಮೆ ಶುರುವಾಗುವ ಮೊದಲು ಮಾಡಿ. ಏಪ್ರಿಲ್–ಮೇ ತಿಂಗಳಲ್ಲಿ ಒಂದು ಒಳ್ಳೆ ಮಳೆ ಬಿದ್ದು ಎರಡು ಮೂರು ದಿನ ಕಳೆದ ಮೇಲೆ ಮಣ್ಣು ಹದಕ್ಕೆ ಬಂದಿರುತ್ತದೆ. ಅಗೆಯುವುದೂ ಸುಲಭ, ಬಣ್ಣವೂ ಚೆನ್ನಾಗಿ ಕಾಣುತ್ತದೆ. ಒಣಗಿದ ಎರೆ (ಕಪ್ಪು ಜೇಡಿ) ಭೂಮಿಗೆ ಬೇಸಿಗೆಯಲ್ಲಿ ಹಾರೆ ಇಳಿಯುವುದೇ ಕಷ್ಟ. ಆದರೆ ಅದರ ಬಿರುಕು ಎಷ್ಟು ಅಗಲ, ಎಷ್ಟು ಆಳ ಅಂತ ನೋಡಿಕೊಳ್ಳಲು ಆ ಸಮಯವೇ ಸರಿ. ಅಗೆಯದಿದ್ದರೂ ಬಿರುಕನ್ನು ಅಳೆದು ಬರೆದಿಟ್ಟುಕೊಳ್ಳಿ.

ಹಾರೆ, ಗುದ್ದಲಿ, ಸಲಿಕೆ, ಬಾಂಡ್ಲಿ ಮನೆಯಲ್ಲೇ ಇರುತ್ತವೆ. ಮಣ್ಣು ಕೊರೆಯುವ ಕೈ ಆಗರ್ ಸಿಕ್ಕರೆ ಅರ್ಧ ಕೆಲಸ ಹಗುರ. ಇವುಗಳ ಜೊತೆಗೆ ಅಳತೆ ಟೇಪು, ಗಾರೆ ಕೆಲಸದವರು ಬಳಸುವ ಲೆವೆಲ್ ಪೈಪು, ಗ್ರಾಫ್ ಹಾಳೆ, ಪೆನ್ಸಿಲ್, ಪ್ಲಾಸ್ಟಿಕ್ ಚೀಲ, ಎರಡು ಮೂರು ಗಾಜಿನ ಬಾಟಲಿ, 2 ಮಿ.ಮೀ. ಜರಡಿ, ಸ್ವಲ್ಪ ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೇಕು. ಸುಣ್ಣ ಪರೀಕ್ಷೆಗೆ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಸಿಡ್, ಶೇಕಡಾ 10ರದ್ದು ಸಾಕು. ತೆಳು ಮಾಡುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಲೇಬಾರದು. ಕಣ್ಣಿಗೆ ಕನ್ನಡಕ ಇರಲಿ.

## ಹಂತ 1: ಇರುವ ಕಾಗದಗಳನ್ನು ಒಟ್ಟುಗೂಡಿಸಿ

ಪಹಣಿ, ಸರ್ವೆ ಸ್ಕೆಚ್, ಗ್ರಾಮ ನಕ್ಷೆ ಮೂರನ್ನೂ ಇಟ್ಟುಕೊಳ್ಳಿ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ದಿಶಾಂಕ್ ಆಪ್ ಸಹಾಯ ಮಾಡುತ್ತದೆ. ಪಹಣಿಯಲ್ಲಿ ಮಣ್ಣಿನ ನಮೂನೆ ಅಂತ ಒಂದು ಕಾಲಂ ಇದೆ. ಅದನ್ನು ನಂಬಿ ಬೆಳೆ ಆರಿಸಬೇಡಿ. ಅಲ್ಲಿ ಇಡೀ ಸರ್ವೆ ನಂಬರಿಗೆ ಒಂದೇ ಹೆಸರು ಇರುತ್ತದೆ. ಖರಾಬು ಎಷ್ಟಿದೆ ಅನ್ನುವುದನ್ನು ಮಾತ್ರ ನೋಡಿಕೊಳ್ಳಿ. ಖರಾಬು ಇರುವ ಕಡೆ ಬಂಡೆ, ಹಳ್ಳ, ದಾರಿ ಏನಾದರೂ ಇದ್ದೇ ಇರುತ್ತದೆ.

ಸುಜಲಾ-3 ಯೋಜನೆಯಲ್ಲಿ ರಾಜ್ಯದ 11 ಜಿಲ್ಲೆಗಳ ಆಯ್ದ ಕಿರು ಜಲಾನಯನಗಳಲ್ಲಿ ಸರ್ವೆ ನಂಬರ್ ಮಟ್ಟದ ಭೂ ಸಂಪನ್ಮೂಲ ಸಮೀಕ್ಷೆ ನಡೆದಿದೆ. ನಿಮ್ಮ ಹಳ್ಳಿ ಅದರಲ್ಲಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಇದ್ದರೆ ಅದೃಷ್ಟ. ಮಣ್ಣಿನ ಆಳ, ಕಲ್ಲಿನ ಪ್ರಮಾಣ, ಇಳಿಜಾರು, ಕೊಚ್ಚಣೆ ಎಲ್ಲವೂ ಅದರಲ್ಲಿರುತ್ತವೆ.

ಆದರೆ ಯಾವ ನಕ್ಷೆ ಸಿಕ್ಕರೂ ಮೊದಲು ಅದರ ಸ್ಕೇಲ್ ನೋಡಿ. ಹೆಚ್ಚು ಜನ ಎಡವುವುದು ಇಲ್ಲೇ. ಗ್ರಾಮ ನಕ್ಷೆಯ 1:7,920 ಸ್ಕೇಲಿನಲ್ಲಿ 1 ಇಂಚು ಅಂದರೆ 660 ಅಡಿ. ಒಂದು ಚದರ ಇಂಚಿಗೆ ಸರಿಯಾಗಿ 10 ಎಕರೆ. ಅರ್ಧ ಎಕರೆಯ ಚೌಳು ಪಟ್ಟಿ ಅದರಲ್ಲಿ ಒಂದು ಚುಕ್ಕಿಯಷ್ಟಿರುತ್ತದೆ, ಬಿಟ್ಟೇ ಹೋಗಿರಬಹುದು. ಇನ್ನು 1:2,50,000 ಸ್ಕೇಲಿನ ಜಿಲ್ಲಾ ನಕ್ಷೆಯಲ್ಲಿ 1 ಚದರ ಸೆಂ.ಮೀ. ಒಳಗೆ ಸುಮಾರು 1,500 ಎಕರೆ ಕೂತಿರುತ್ತದೆ. ಅದರ ಬಣ್ಣ ನೋಡಿ "ನಮ್ಮದು ಎರೆ ಭೂಮಿ" ಅಂತ ತೀರ್ಮಾನಿಸಿ ಹತ್ತಿ ಹಾಕಿದವರಿದ್ದಾರೆ. ಮೊಬೈಲಿನಲ್ಲಿ ಅಂಥ ನಕ್ಷೆಯನ್ನು ಎಷ್ಟು ದೊಡ್ಡದು ಮಾಡಿದರೂ ಒಳಗಿನ ಮಾಹಿತಿ ಹೆಚ್ಚುವುದಿಲ್ಲ.

## ಹಂತ 2: ಗ್ರಾಫ್ ಹಾಳೆಯಲ್ಲಿ ಹೊಲ ಬರೆಯಿರಿ

1 ಸೆಂ.ಮೀ.ಗೆ 10 ಮೀಟರ್ ಇಟ್ಟುಕೊಳ್ಳಿ. ಈ ಸ್ಕೇಲಿನಲ್ಲಿ ಒಂದು ಅನುಕೂಲವಿದೆ. ಒಂದು ಚದರ ಸೆಂ.ಮೀ. ಮನೆ ಅಂದರೆ 100 ಚದರ ಮೀಟರ್, ಹೆಚ್ಚುಕಡಿಮೆ 1 ಗುಂಟೆ. ನಲವತ್ತು ಮನೆ ಎಣಿಸಿದರೆ 1 ಎಕರೆ. ಎಂಟು ಎಕರೆ ಹೊಲ ಒಂದು ಹಾಳೆಯಲ್ಲಿ ಆರಾಮಾಗಿ ಕೂರುತ್ತದೆ.

ಬದು, ಬಾವಿ, ಬೋರ್‌ವೆಲ್, ಮರ, ಹಳ್ಳ, ಒಕ್ಕಣೆ ಮಾಡುತ್ತಿದ್ದ ಹಳೇ ಕಣ, ತಿಪ್ಪೆ, ಬಂಡೆ ಎಲ್ಲವನ್ನೂ ಗುರುತಿಸಿ. ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸಬಹುದು. ಮಣ್ಣಿನ ಗೆರೆಗೆ ಅಷ್ಟು ಸಾಕು, ಒಂದು ಮಣ್ಣು ಮುಗಿದು ಇನ್ನೊಂದು ಶುರುವಾಗುವ ಜಾಗವೇ ಎಷ್ಟೋ ಕಡೆ ಅದಕ್ಕಿಂತ ಅಗಲ ಇರುತ್ತದೆ. ಪಕ್ಕದವರ ಜೊತೆಗಿನ ಬದು ತಕರಾರಿಗೆ ಮಾತ್ರ ಈ ಅಳತೆ ಬಳಸಬೇಡಿ.

## ಹಂತ 3: ಮೇಲಿನಿಂದ ಕೆಳಗೆ ನಡೆಯಿರಿ

ಹೊಲದ ಎತ್ತರದ ತುದಿಯಲ್ಲಿ ನಿಂತು, ಮಳೆನೀರು ಹರಿಯುವ ದಿಕ್ಕಿನಲ್ಲೇ ತಗ್ಗಿನ ತನಕ ನಡೆಯಿರಿ. ಅಡ್ಡಡ್ಡ ನಡೆದರೆ ಒಂದೇ ಮಣ್ಣಿನ ಮೇಲೆ ಓಡಾಡಿದಂತಾಗುತ್ತದೆ. ಬಯಲುಸೀಮೆಯಲ್ಲಿ ಮಣ್ಣು ಬದಲಾಗುವುದು ಇಳಿಜಾರಿನ ಜೊತೆಗೆ. ದಿಬ್ಬದ ಮೇಲೆ ತೆಳುವಾದ ಗರಸು, ನಡುವೆ ಆಳವಾದ ಕೆಂಪು, ತಗ್ಗಿನಲ್ಲಿ ಬೂದು ಅಥವಾ ಕಪ್ಪು ಜೇಡಿ. ನೀರು ಮೇಲಿನ ನುಣುಪು ಮಣ್ಣನ್ನೂ ಉಪ್ಪನ್ನೂ ಕೆಳಗೆ ಹೊತ್ತು ತಂದು ಹಾಕುವುದರಿಂದ ಹೀಗಾಗುತ್ತದೆ.

ನಡೆಯುವಾಗ ಬಣ್ಣ ಬದಲಾದ ಕಡೆ, ಕಾಲಡಿಯ ಕಲ್ಲು ಜಾಸ್ತಿಯಾದ ಕಡೆ, ಬೆಳೆ ಕೂಳೆ ಸಣ್ಣಗಾದ ಕಡೆ ಹಾಳೆಯಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಮರದ ಬೇರು ಹೊರಗೆ ಬಂದಿದ್ದರೆ ಅಲ್ಲಿ ಮೇಲ್ಮಣ್ಣು ಕೊಚ್ಚಿಹೋಗಿದೆ. ಜೊಂಡು, ಜೇಕು ಬೆಳೆದಿದ್ದರೆ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪುಡಿ ಕಂಡರೆ ಉಪ್ಪು. ಮಣ್ಣಿನ ಮೇಲೆ ಕಪ್ಪಗೆ ಎಣ್ಣೆ ಚೆಲ್ಲಿದ ಹಾಗೆ ಕಂಡು, ನೀರು ಇಂಗದೆ ಕೂತರೆ ಸೋಡಿಯಂ ಜಾಸ್ತಿ ಇರುವ ಅನುಮಾನ ಬರಬೇಕು.

ಮನೆಯ ಹಿರಿಯರನ್ನೂ ಕೂಲಿಗೆ ಬರುವವರನ್ನೂ ಜೊತೆಗೆ ಕರೆದುಕೊಳ್ಳಿ. ಯಾವ ಜಾಗದಲ್ಲಿ ನೇಗಿಲಿಗೆ ಕಲ್ಲು ತಾಗುತ್ತಿತ್ತು, ಎಲ್ಲಿ ಮೊದಲು ಬಾಡುತ್ತದೆ, ಮಳೆ ಬಂದ ಮಾರನೇ ದಿನ ಯಾವ ತಾಕಿಗೆ ಕಾಲಿಡಲು ಆಗುವುದಿಲ್ಲ ಅನ್ನುವುದು ಅವರಿಗೆ ಗೊತ್ತು. ಎರಡು ಪ್ರಶ್ನೆ ಕಡ್ಡಾಯವಾಗಿ ಕೇಳಿ: ಈ ಹೊಲಕ್ಕೆ ಕೆರೆ ಹೂಳು ಹೊಡೆಸಿದ್ದರಾ? ಜೆಸಿಬಿ ಬಿಟ್ಟು ಮಟ್ಟ ಮಾಡಿಸಿದ್ದರಾ? ಹೂಳು ಹೊಡೆಸಿದ ಹೊಲ ಮೇಲೆ ಕಪ್ಪಗೆ ಕಾಣುತ್ತದೆ, ಒಂದು ಗೇಣು ಕೆಳಗೆ ಕೆಂಪು ಗರಸೇ ಇರುತ್ತದೆ. ಮಟ್ಟ ಮಾಡಿಸಿದ ಹೊಲದಲ್ಲಿ ಒಂದು ಬದಿಯ ಮೇಲ್ಮಣ್ಣು ಇನ್ನೊಂದು ಬದಿಯಲ್ಲಿ ಹೂತುಹೋಗಿರುತ್ತದೆ. ಇವೆರಡೂ ಗೊತ್ತಿಲ್ಲದೆ ಮಾಡಿದ ನಕ್ಷೆ ಕೆಲಸಕ್ಕೆ ಬರುವುದಿಲ್ಲ.

## ಹಂತ 4: ಇಳಿಜಾರು ಅಳೆಯಿರಿ

ಒಂದೇ ಎತ್ತರದ ಎರಡು ಕೋಲಿಗೆ ಸೆಂ.ಮೀ. ಗುರುತು ಹಾಕಿ. 10 ಮೀಟರ್ ದೂರದಲ್ಲಿ ನಿಲ್ಲಿಸಿ, ಲೆವೆಲ್ ಪೈಪಿನ ನೀರು ಎರಡೂ ಕೋಲಿನಲ್ಲಿ ಎಲ್ಲಿ ನಿಂತಿದೆ ಅಂತ ನೋಡಿ. ವ್ಯತ್ಯಾಸ 10 ಸೆಂ.ಮೀ. ಇದ್ದರೆ ಇಳಿಜಾರು ಶೇಕಡಾ 1, 30 ಇದ್ದರೆ ಶೇಕಡಾ 3. ಪೈಪಿನೊಳಗೆ ಗಾಳಿ ಗುಳ್ಳೆ ಇದ್ದರೆ ಲೆಕ್ಕ ಕೆಡುತ್ತದೆ, ಮೊದಲು ತೆಗೆಯಿರಿ.

ಶೇಕಡಾ 0–1, 1–3, 3–5, 5–10, 10ಕ್ಕಿಂತ ಹೆಚ್ಚು ಹೀಗೆ ಐದು ಗುಂಪು ಸಾಕು. ಕಣ್ಣಂದಾಜು ಬೇಡ. ಶೇಕಡಾ 2ರ ಇಳಿಜಾರು ಕಣ್ಣಿಗೆ ಸಮತಟ್ಟಾಗಿಯೇ ಕಾಣುತ್ತದೆ, ಆದರೆ ಕೆಂಪು ಮಣ್ಣು ಕೊಚ್ಚಿಹೋಗಲು ಅಷ್ಟು ಸಾಕು.

## ಹಂತ 5: ಕೊರೆದು ನೋಡಿ, ಗೆರೆ ತಿದ್ದಿ

ಪೆನ್ಸಿಲ್ ಗೆರೆಗಳು ಇನ್ನೂ ಊಹೆ ಅಷ್ಟೇ. ಅರ್ಧ ಎಕರೆಯಿಂದ ಒಂದು ಎಕರೆಗೆ ಒಂದು ಕಡೆಯಂತೆ ಆಗರ್ ಅಥವಾ ಹಾರೆಯಿಂದ ಸಣ್ಣ ಗುಂಡಿ ಮಾಡಿ, ಬಂಡೆ ಸಿಗುವ ತನಕ ಇಲ್ಲವೇ 1 ಮೀಟರ್ ತನಕ ಇಳಿಯಿರಿ. ಗೆರೆಯ ಎರಡೂ ಬದಿಯಲ್ಲಿ ಒಂದೊಂದು ಗುಂಡಿ ಬೇಕೇ ಬೇಕು. ಎರಡೂ ಒಂದೇ ಥರ ಇದ್ದರೆ ಗೆರೆ ಅಳಿಸಿ. ಒಂದೇ ತುಂಡಿನೊಳಗಿನ ಎರಡು ಗುಂಡಿಗಳು ಬೇರೆ ಬೇರೆ ಇದ್ದರೆ ನಡುವೆ ಮೂರನೆಯದು ತೆಗೆದು ಹೊಸ ಗೆರೆ ಹುಡುಕಿ.

ಹೊರಬಂದ ಮಣ್ಣನ್ನು ಒಂದು ಹಳೇ ಗೋಣಿಚೀಲದ ಮೇಲೆ ಆಳದ ಕ್ರಮದಲ್ಲೇ ಸಾಲಾಗಿ ಹರಡಿ, ಪಕ್ಕದಲ್ಲಿ ಟೇಪು ಇಟ್ಟು ಫೋಟೊ ತೆಗೆಯಿರಿ. ಗುಂಡಿಯ ನಂಬರ್ ಬರೆದ ಚೀಟಿಯೂ ಫೋಟೊದಲ್ಲಿರಲಿ. ಚೀಟಿ ಇಲ್ಲದ ಫೋಟೊಗಳು ಸಂಜೆ ಹೊತ್ತಿಗೆ ಎಲ್ಲ ಒಂದೇ ಥರ ಕಾಣುತ್ತವೆ.

ಆಗರ್ ನಿಂತಿತು ಅಂದರೆ ಬಂಡೆ ಬಂತು ಅಂತ ಬರೆಯಬೇಡಿ. ಒಂದು ಕಲ್ಲು ಅಡ್ಡ ಬಂದಿರಬಹುದು. ಮೂರಡಿ ಪಕ್ಕಕ್ಕೆ ಸರಿದು ಮತ್ತೆರಡು ಸಲ ನೋಡಿ. ಮೂರೂ ಕಡೆ ಅದೇ ಆಳಕ್ಕೆ ನಿಂತರೆ ಮಾತ್ರ ಬರೆಯಿರಿ.

## ಹಂತ 6: ಪ್ರತಿ ಮಣ್ಣಿಗೆ ಒಂದು ದೊಡ್ಡ ಗುಂಡಿ

ಇಡೀ ಕೆಲಸದ ಗಟ್ಟಿ ಭಾಗ ಇದು. ಆತುರ ಮಾಡಬೇಡಿ. ನಕ್ಷೆಯಲ್ಲಿ ನಾಲ್ಕು ತುಂಡು ಬಂದಿದ್ದರೆ ನಾಲ್ಕು ಗುಂಡಿ. ತುಂಡಿನ ನಡುಭಾಗದಲ್ಲಿ, ಬದು ಮತ್ತು ಮರಗಳಿಂದ ದೂರ, ಒಬ್ಬರು ಇಳಿದು ನಿಲ್ಲುವಷ್ಟು ಅಗಲ ತೋಡಿ. ಆಳ ಒಂದೂವರೆ ಮೀಟರ್, ಅಥವಾ ಬಂಡೆ ಬರುವ ತನಕ. ನೀವು ನೋಡುವ ಗೋಡೆಗೆ ಬಿಸಿಲು ಬೀಳುವ ಹಾಗೆ ಇರಲಿ. ಮೇಲ್ಮಣ್ಣು ಒಂದು ಬದಿಗೆ, ಕೆಳಮಣ್ಣು ಇನ್ನೊಂದು ಬದಿಗೆ ಹಾಕಿ. ಮುಚ್ಚುವಾಗ ಮೇಲ್ಮಣ್ಣು ಮೇಲೇ ಬರಬೇಕು.

ಎಚ್ಚರಿಕೆ: ಎರೆ ಮಣ್ಣಿನ ಗೋಡೆ ಬಿರುಕಿನಲ್ಲಿ ಇದ್ದಕ್ಕಿದ್ದಂತೆ ಕಳಚಿ ಬೀಳುತ್ತದೆ. ಒದ್ದೆ ಇದ್ದಾಗ, ಒಬ್ಬರೇ ಇದ್ದಾಗ ಗುಂಡಿಗೆ ಇಳಿಯಬೇಡಿ. ಒಂದೂವರೆ ಮೀಟರಿಗಿಂತ ಆಳ ಬೇಡವೇ ಬೇಡ. ಸಂಜೆಗೆ ಗುಂಡಿ ಮುಚ್ಚಿ, ಇಲ್ಲವೇ ಸುತ್ತ ಮುಳ್ಳು ಹಾಕಿ. ದನ, ಮಕ್ಕಳು ಬೀಳುವುದು ಇಂಥ ಗುಂಡಿಗಳಿಗೇ.

ಗೋಡೆಯನ್ನು ಚಾಕುವಿನಿಂದ ಕೆರೆದು ಹೊಸ ಮುಖ ಮಾಡಿ. ಆಮೇಲೆ ಮೇಲಿನಿಂದ ಕೆಳಗೆ ಇವನ್ನು ನೋಡುತ್ತಾ ಬನ್ನಿ.

ಆಳ. ಬೇರು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಮಣ್ಣು ಮುಗಿಯಿತು ಅಂತ ಲೆಕ್ಕ. ಬಂಡೆ, ಗಟ್ಟಿ ಪದರ, ನಿಂತ ನೀರು ಯಾವುದು ಅಡ್ಡ ಬಂದರೂ ಅಷ್ಟೇ. 25 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತುಂಬ ತೆಳು, 25–50 ತೆಳು, 50–75 ಸ್ವಲ್ಪ ತೆಳು, 75–100 ಸಾಧಾರಣ ಆಳ, 100–150 ಆಳ, ಅದಕ್ಕೂ ಮೇಲೆ ತುಂಬ ಆಳ. ನಮ್ಮ ಕಡೆಯ ಕೊಳೆತ ಕಲ್ಲು, ಅಂದರೆ ಮೊರಂ, ಪೂರ್ತಿ ಬಂಡೆಯಲ್ಲ. ಅದರ ಸಂದಿಯಲ್ಲಿ ಮರದ ಬೇರು ಸ್ವಲ್ಪ ಇಳಿಯಬಹುದು. ರಾಗಿ, ಶೇಂಗಾ ಬೇರಿಗೆ ಮಾತ್ರ ಅದು ಗೋಡೆಯೇ.

ಕಲ್ಲು. ಒಂದು ಬಾಂಡ್ಲಿ ಮಣ್ಣು ಜರಡಿ ಹಿಡಿದು ಕಲ್ಲು ಎಷ್ಟು ಜಾಗ ಹಿಡಿದಿದೆ ಅಂತ ನೋಡಿ. ಶೇಕಡಾ 15ರ ಒಳಗಿದ್ದರೆ ತೊಂದರೆಯಿಲ್ಲ. 15–35, 35–60, 60ಕ್ಕಿಂತ ಹೆಚ್ಚು ಅಂತ ಗುಂಪು ಮಾಡಿ. ಕಲ್ಲು ನೀರು ಹಿಡಿಯುವುದಿಲ್ಲ. 60 ಸೆಂ.ಮೀ. ಆಳದ ಮಣ್ಣಿನಲ್ಲಿ ಅರ್ಧ ಕಲ್ಲಿದ್ದರೆ ನಿಮಗಿರುವುದು 30 ಸೆಂ.ಮೀ. ಮಣ್ಣು ಮಾತ್ರ. ಈ ಒಂದು ಗುಣಾಕಾರ ಮಾಡದೆ ತೆಂಗು ನೆಟ್ಟು ಪೇಚಾಡುವವರು ಬಹಳ.

ಕಣ. ಒಂದು ಹಿಡಿ ಮಣ್ಣಿಗೆ ಸ್ವಲ್ಪ ಸ್ವಲ್ಪ ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿ ಪಟ್ಟಿ ಎಳೆಯಿರಿ. ಉಂಡೆಯೇ ಆಗದಿದ್ದರೆ ಮರಳು. ಪಟ್ಟಿ ಎರಡೂವರೆ ಸೆಂ.ಮೀ. ಆಗುವ ಮೊದಲೇ ಮುರಿದರೆ ಗೋಡು, ಎರಡೂವರೆಯಿಂದ ಐದರ ತನಕ ಬಂದರೆ ಜೇಡಿಗೋಡು, ಐದು ದಾಟಿದರೆ ಜೇಡಿ. ಜೊತೆಗೆ ಮರಳಿನ ಉರುಟು ಎಷ್ಟು ಸಿಗುತ್ತದೆ ಅಂತ ಬರೆಯಿರಿ. ಕೆಂಪು ಮತ್ತು ಜಂಬಿಟ್ಟಿಗೆ ಮಣ್ಣು ಇಲ್ಲಿ ಮೋಸ ಮಾಡುತ್ತದೆ. ಅದರ ಜೇಡಿ ಸಣ್ಣ ಸಣ್ಣ ಹರಳಾಗಿ ಅಂಟಿಕೊಂಡು ಮೊದಲಿಗೆ ಮರಳಿನ ಹಾಗೇ ಅನ್ನಿಸುತ್ತದೆ. ಎರಡು ಮೂರು ನಿಮಿಷ ಬಿಡದೆ ನಾದಿದ ಮೇಲಷ್ಟೇ ನಿಜ ಗೊತ್ತಾಗುತ್ತದೆ. ಕರಾವಳಿ, ಮಲೆನಾಡಿನವರು ಇದನ್ನು ಮರೆಯಬೇಡಿ. ಅನುಮಾನ ಇದ್ದರೆ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಚೆನ್ನಾಗಿ ಅಲ್ಲಾಡಿಸಿ ಇಡಿ. ಮರಳು ಒಂದು ನಿಮಿಷದೊಳಗೆ ಕೂರುತ್ತದೆ, ನಡುವಿನ ಕಣ ಕೆಲವು ಗಂಟೆ ತೆಗೆದುಕೊಳ್ಳುತ್ತದೆ, ಜೇಡಿಗೆ ಒಂದು ದಿನಕ್ಕೂ ಜಾಸ್ತಿ ಬೇಕು.

ಬಣ್ಣ. ಒದ್ದೆ ಮಾಡಿಯೇ ನೋಡಿ. ಒಣಗಿದ ಮಣ್ಣಿನ ಬಣ್ಣ ನಂಬಬೇಡಿ. ಅಚ್ಚ ಕೆಂಪು ಅಂದರೆ ನೀರು ಚೆನ್ನಾಗಿ ಬಸಿಯುತ್ತದೆ. ಬೂದು ಬಣ್ಣದ ನಡುವೆ ತುಕ್ಕಿನ ಚುಕ್ಕೆಗಳಿದ್ದರೆ ವರ್ಷದಲ್ಲಿ ಕೆಲವು ತಿಂಗಳು ಅಲ್ಲಿ ನೀರು ನಿಲ್ಲುತ್ತದೆ. ಗುಂಡಿ ತೋಡಿದ ದಿನ ಒಣಗಿದ್ದರೂ ಆ ಚುಕ್ಕೆಗಳು ಹಾಗೇ ಇರುತ್ತವೆ. ಅವು ಎಷ್ಟು ಆಳದಲ್ಲಿ ಶುರುವಾಗುತ್ತವೆ ಅಂತ ಅಳೆಯಿರಿ. ನಿಮ್ಮ ಮಾವು, ದಾಳಿಂಬೆ ಬದುಕುತ್ತವೋ ಇಲ್ಲವೋ ಅನ್ನುವುದನ್ನು ಅದೇ ಹೇಳುತ್ತದೆ.

ಸುಣ್ಣ. ಪ್ರತಿ ಪದರಕ್ಕೂ ಒಂದೆರಡು ಹನಿ ಆಸಿಡ್ ಬಿಡಿ. ಬುರುಬುರು ನೊರೆ ಬಂದರೆ ಸುಣ್ಣ ಇದೆ. ಬಿಳಿ ಸುಣ್ಣದ ಹರಳುಗಳು ಜಾಸ್ತಿ ಇದ್ದು ನೊರೆ ಜೋರಾಗಿ ಬಂದರೆ ನಿಂಬೆ, ಕಿತ್ತಳೆ, ಮೋಸಂಬಿ ಯೋಚನೆ ಬಿಡಿ. ಕಬ್ಬಿಣದ ಅಂಶ ಸಿಗದೆ ಎಲೆ ಹಳದಿಯಾಗುತ್ತದೆ.

ಬಿರುಕು ಮತ್ತು ಹೊಳಪು. ಎರೆ ಮಣ್ಣಿನ ಗುಂಡಿಯ ಕೆಳಭಾಗದಲ್ಲಿ ಓರೆಯಾಗಿ ನುಣ್ಣಗೆ ಹೊಳೆಯುವ ಮುಖಗಳು ಕಂಡರೆ ಆ ಮಣ್ಣು ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ, ಒಳಗೊಳಗೇ ಜಾರುತ್ತಿದೆ. ಅಲ್ಲಿ ಮನೆ, ಕೊಟ್ಟಿಗೆ, ತೊಟ್ಟಿ ಕಟ್ಟುವ ಮೊದಲು ಇಂಜಿನಿಯರ್ ಕೇಳಿ. ಸಾಮಾನ್ಯ ಪಾಯ ಬಿರುಕು ಬಿಡುತ್ತದೆ.

## ಹಂತ 7: ಹೊಲದಲ್ಲೇ ಮಾಡುವ ಎರಡು ಪರೀಕ್ಷೆ

ಮೊದಲನೆಯದು ಇಂಗುವಿಕೆ. ಒಂದಡಿ ಆಳದ ಸಣ್ಣ ಗುಂಡಿಗೆ ನೀರು ತುಂಬಿ ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯಿತು ಅಂತ ಅಳೆಯಿರಿ. ಎರಡನೇ ಸಲದ ಅಳತೆಯೇ ಲೆಕ್ಕಕ್ಕೆ. ಒಣ ಮಣ್ಣು ಮೊದಲ ಸಲ ಸುಮ್ನೆ ಕುಡಿದುಬಿಡುತ್ತದೆ. ಗಂಟೆಗೆ 1 ಇಂಚಿಗಿಂತ ಕಡಿಮೆ ಇಳಿದರೆ ನಿಧಾನ, 4 ಇಂಚಿಗಿಂತ ಜಾಸ್ತಿ ಇಳಿದರೆ ನೀರು ನಿಲ್ಲದ ಮಣ್ಣು. ಕೃಷಿ ಹೊಂಡ ಎಲ್ಲಿ ಮಾಡಬೇಕು, ಹಾಳೆ ಹಾಸಬೇಕಾ ಬೇಡವಾ ಅನ್ನುವುದಕ್ಕೂ ಇದು ದಾರಿ ತೋರಿಸುತ್ತದೆ. ಹೊಂಡದ ತಳ ಬರುವ ಆಳದಲ್ಲೂ ಒಂದು ಸಲ ಮಾಡಿ ನೋಡಿ.

ಎರಡನೆಯದು ಸೋಡಿಯಂ ಪರೀಕ್ಷೆ. ಬಟಾಣಿ ಗಾತ್ರದ ಒಣ ಹೆಂಟೆಯನ್ನು ಮಳೆನೀರು ತುಂಬಿದ ಗಾಜಿನ ಲೋಟಕ್ಕೆ ಮೆಲ್ಲಗೆ ಬಿಡಿ. ಅಲ್ಲಾಡಿಸಬೇಡಿ. ಹೆಂಟೆ ಸುಮ್ಮನೆ ಕುಸಿದು ನೀರು ತಿಳಿಯಾಗಿಯೇ ಇದ್ದರೆ ಸಾವಯವ ಅಂಶ ಕಡಿಮೆ, ಅಷ್ಟೇ. ಸುತ್ತ ಹಾಲಿನ ಹಾಗೆ ಬಿಳಿ ಮೋಡ ಹರಡಿದರೆ ಸೋಡಿಯಂ ಜಾಸ್ತಿ ಇರುವ ಮಣ್ಣು. ಬೋರ್‌ವೆಲ್ ನೀರಿನಲ್ಲಿ ಇದನ್ನು ಮಾಡಬೇಡಿ. ಆ ನೀರಿನ ಉಪ್ಪು ಮೋಡ ಏಳದಂತೆ ತಡೆದು ತಪ್ಪು ಉತ್ತರ ಕೊಡುತ್ತದೆ.

## ಹಂತ 8: ಈಗ ಸ್ಯಾಂಪಲ್

ಪ್ರತಿ ತುಂಡಿಗೆ ಒಂದು ಪ್ರತ್ಯೇಕ ಸ್ಯಾಂಪಲ್. ಎಂಟು ಹತ್ತು ಕಡೆ ಇಂಗ್ಲಿಷಿನ 'ವಿ' ಆಕಾರದ 15 ಸೆಂ.ಮೀ. ಕುಳಿ ಮಾಡಿ, ಬದಿಯಿಂದ ಒಂದಿಂಚು ದಪ್ಪದ ಹೋಳು ತೆಗೆಯಿರಿ. ಕಲಸಿ, ನಾಲ್ಕು ಭಾಗ ಮಾಡಿ, ಎದುರೆದುರು ಎರಡು ಭಾಗ ಬಿಸಾಕುತ್ತಾ ಅರ್ಧ ಕೆಜಿಗೆ ತನ್ನಿ. ನೆರಳಲ್ಲಿ ಒಣಗಿಸಿ. ಮರದಡಿ, ತಿಪ್ಪೆ ಪಕ್ಕ, ಬದು, ಕಾಲುವೆ ಅಂಚು, ಹಳೇ ಕಣದ ಜಾಗ ಬೇಡ. ಹೊಸದಾಗಿ ಗೊಬ್ಬರ ಹಾಕಿದ ಹೊಲವೂ ಬೇಡ. ಸತು, ಕಬ್ಬಿಣ ನೋಡಿಸುವುದಿದ್ದರೆ ತುಕ್ಕು ಹಿಡಿದ ಸಲಿಕೆ, ಜಿಂಕ್ ಬಕೆಟ್ ಬಳಸಬೇಡಿ. ತೋಟ ಮಾಡುವುದಿದ್ದರೆ 0–30, 30–60, 60–90 ಸೆಂ.ಮೀ. ಮಣ್ಣನ್ನು ಬೇರೆ ಬೇರೆ ಚೀಲದಲ್ಲಿ ಕಳಿಸಿ.

ವರದಿ ಬಂದಾಗ ಮೊದಲು ಪಿಹೆಚ್ (ಮಣ್ಣು ಹುಳಿಯೋ ಕ್ಷಾರವೋ ಅನ್ನುವ ಅಳತೆ), ಇಸಿ (ಕರಗಿದ ಉಪ್ಪು ಎಷ್ಟಿದೆ ಅನ್ನುವ ಅಳತೆ), ಸಾವಯವ ಇಂಗಾಲ ನೋಡಿ. ಪಿಹೆಚ್ 6.5–7.5 ಇದ್ದರೆ ನೆಮ್ಮದಿ. 8.5 ದಾಟಿದರೆ ಕ್ಷಾರ, ಲೋಟದ ಪರೀಕ್ಷೆಯ ಉತ್ತರದ ಜೊತೆ ಹೋಲಿಸಿ. ಇಸಿ 1ರ ಒಳಗಿರಬೇಕು. ಸಾವಯವ ಇಂಗಾಲ 0.5ಕ್ಕಿಂತ ಕೆಳಗೆ ಕಡಿಮೆ, 0.75 ದಾಟಿದರೆ ಚೆನ್ನ. ಒಂದು ಎಚ್ಚರಿಕೆ: ಪುಸ್ತಕಗಳಲ್ಲಿ ಬರುವ "ಇಸಿ 4 ದಾಟಿದರೆ ಸವಳು" ಅನ್ನುವ ಅಳತೆ ಬೇರೆ ವಿಧಾನದ್ದು. ನಮ್ಮ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಮಣ್ಣಿಗೆ ಎರಡೂವರೆ ಪಟ್ಟು ನೀರು ಸೇರಿಸಿ ಅಳೆಯುತ್ತಾರೆ, ಆಗ ಅಂಕಿ ಚಿಕ್ಕದಾಗಿ ಬರುತ್ತದೆ. ಎರಡನ್ನೂ ಹೋಲಿಸಿ "ನಮ್ಮದು 2 ಮಾತ್ರ" ಅಂತ ಸಮಾಧಾನ ಪಡಬೇಡಿ.

## ಹಂತ 9: ವರ್ಗ ಮಾಡಿ

ಅಧಿಕೃತ ಸಮೀಕ್ಷೆಯಲ್ಲಿ ಮಣ್ಣಿಗೆ ಮೊದಲು ಸಿಕ್ಕ ಊರಿನ ಹೆಸರು ಇಡುತ್ತಾರೆ. ತ್ಯಾಮಗೊಂಡ್ಲು ಸರಣಿ ಹಾಗೆ ಬಂದದ್ದು. ಬಸಿಯುವ ಕೆಂಪು ಮಣ್ಣುಗಳಲ್ಲಿ ಹೆಚ್ಚಿನವು ಆಲ್ಫಿಸಾಲ್, ಬಿರುಕು ಬಿಡುವ ಆಳದ ಎರೆ ವರ್ಟಿಸಾಲ್. ನಿಮ್ಮ ಹೊಲಕ್ಕೆ ಈ ಹೆಸರುಗಳು ಬೇಕೇಬೇಕು ಅಂತಿಲ್ಲ. ಬೇಕಾಗಿರುವುದು ಭೂಮಿಯ ಯೋಗ್ಯತೆಯ ವರ್ಗ.

ಅದು 1ರಿಂದ 8ರ ತನಕ ಇದೆ. 1–4 ಉಳುಮೆಗೆ, 5–8 ಹುಲ್ಲು, ಮರ, ಕಾಡಿಗೆ. ಎಲ್ಲಕ್ಕಿಂತ ಕೆಟ್ಟ ಗುಣ ಯಾವುದೋ ಅದೇ ವರ್ಗ ತೀರ್ಮಾನಿಸುತ್ತದೆ. ಸರಾಸರಿ ತೆಗೆಯಬಾರದು. ಆಳ, ಕಣ, ಪಿಹೆಚ್ ಎಲ್ಲ ಚೆನ್ನಾಗಿದ್ದು ಇಳಿಜಾರು ಒಂದೇ ಕೆಟ್ಟಿದ್ದರೂ ಆ ತುಂಡು ಕೆಳಗಿನ ವರ್ಗಕ್ಕೇ ಹೋಗುತ್ತದೆ. ವರ್ಗದ ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ: ಕೊಚ್ಚಣೆ, ನೀರು ನಿಲ್ಲುವುದು, ಅಥವಾ ಮಣ್ಣಿನದೇ ಕೊರತೆ. ಕಾರಣ ಬರೆಯದಿದ್ದರೆ ಏನು ಸರಿ ಮಾಡಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

ಬಯಲುಸೀಮೆಯ ಎಂಟು ಎಕರೆಯ ಒಂದು ಇಳಿಜಾರು ಹೊಲ ಅಂದುಕೊಳ್ಳಿ. ಮೇಲಿನ ಎರಡು ಎಕರೆ: ಆಳ 40 ಸೆಂ.ಮೀ., ಕಲ್ಲು ಶೇಕಡಾ 40, ಇಳಿಜಾರು ಶೇಕಡಾ 6. ಇದು 4ನೇ ವರ್ಗ, ಕಾರಣ ಮಣ್ಣು ಮತ್ತು ಕೊಚ್ಚಣೆ. ನಡುವಿನ ನಾಲ್ಕು ಎಕರೆ: ಆಳ 110, ಕಲ್ಲು ಕಡಿಮೆ, ಇಳಿಜಾರು ಶೇಕಡಾ 2. ಇದು 2ನೇ ವರ್ಗ, ಕಾರಣ ಕೊಚ್ಚಣೆ. ತಗ್ಗಿನ ಎರಡು ಎಕರೆ: ಆಳ 150, ಜೇಡಿ, 50 ಸೆಂ.ಮೀ.ನಲ್ಲೇ ತುಕ್ಕಿನ ಚುಕ್ಕೆ, ಪಿಹೆಚ್ 8.9, ಲೋಟದಲ್ಲಿ ಬಿಳಿ ಮೋಡ. ಇದೂ 4ನೇ ವರ್ಗ, ಆದರೆ ಕಾರಣ ನೀರು ಮತ್ತು ಸೋಡಿಯಂ. ಮೇಲಿನದೂ ಕೆಳಗಿನದೂ ಒಂದೇ ನಂಬರ್, ಮದ್ದು ಮಾತ್ರ ಪೂರ್ತಿ ಬೇರೆ.

## ಹಂತ 10: ಯಾವ ತುಂಡಿನಲ್ಲಿ ಏನು

ಮೇಲಿನ ಗರಸಿನಲ್ಲಿ ಅಡ್ಡ ಬದು ಹಾಕಿ ಹುರುಳಿ, ಮೇವಿನ ಹುಲ್ಲು, ಸೀತಾಫಲ, ನೆಲ್ಲಿ, ಬೇವು. ತೆಂಗು, ಮಾವಿನ ಸಾಲು ಅಲ್ಲಿ ಬೇಡ. ಗುಂಡಿ ದೊಡ್ಡದು ಮಾಡಿ ಹೊರಗಿನ ಮಣ್ಣು ತುಂಬಿದರೆ ಸಾಕು ಅನ್ನುತ್ತಾರೆ. ಮೂರ್ನಾಲ್ಕು ವರ್ಷ ಗಿಡ ಚೆನ್ನಾಗಿಯೇ ಇರುತ್ತದೆ. ಬೇರು ಗುಂಡಿ ದಾಟಿದ ಮೇಲೆ ಕಷ್ಟ ಶುರು.

ನಡುವಿನ ಕೆಂಪು ನಿಮ್ಮ ಒಳ್ಳೆಯ ಭೂಮಿ. ರಾಗಿ, ಶೇಂಗಾ, ತೊಗರಿ, ನೀರಿದ್ದರೆ ತರಕಾರಿ, ಬೇಕಿದ್ದರೆ ಮಾವು. ಉಳುಮೆ ಇಳಿಜಾರಿಗೆ ಅಡ್ಡಲಾಗಿ ಇರಲಿ. ಮನೆ, ಕೋಳಿ ಶೆಡ್, ಗೋದಾಮು ಕಟ್ಟಲು ಜನ ಈ ಜಾಗವನ್ನೇ ಆರಿಸುತ್ತಾರೆ, ನನಗೆ ತುಂಬ ಬೇಜಾರಾಗುವುದು ಇದಕ್ಕೆ. ಕಟ್ಟಡಕ್ಕೆ ಮೇಲಿನ ಗರಸು ಜಾಗವೇ ಗಟ್ಟಿ. ಅಲ್ಲಿ ಬೆಳೆಯ ನಷ್ಟವೂ ಕಡಿಮೆ.

ತಗ್ಗಿನಲ್ಲಿ ಕ್ರಮ ತಪ್ಪಿದರೆ ಹಣ ಹೋಗುತ್ತದೆ. ಮೊದಲು ಬಸಿಗಾಲುವೆ, ಆಮೇಲೆ ಜಿಪ್ಸಂ. ಜಿಪ್ಸಂ ಮಣ್ಣಿನ ಸೋಡಿಯಂ ಅನ್ನು ಬಿಡಿಸುತ್ತದೆ, ಅದನ್ನು ಹೊರಗೆ ಕಳಿಸಬೇಕಾದದ್ದು ನೀರು. ಹೋಗಲು ದಾರಿಯೇ ಇಲ್ಲದಿದ್ದರೆ ಅದು ಅಲ್ಲೇ ಕೂರುತ್ತದೆ. ಎಷ್ಟು ಜಿಪ್ಸಂ ಬೇಕು ಅನ್ನುವುದನ್ನು ಲ್ಯಾಬಿನಲ್ಲಿ ಕೇಳಿ, ಪಕ್ಕದ ಹೊಲದ ಲೆಕ್ಕ ತರಬೇಡಿ. ಅಲ್ಲಿಯ ತನಕ ಭತ್ತ ಅಥವಾ ಉಪ್ಪು ತಡೆಯುವ ಹುಲ್ಲು. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ತಗ್ಗು ಹೊಲಗಳಿಗೂ ಇದೇ ಕ್ರಮ.

ಮಳೆಯಾಶ್ರಿತ ಎರೆ ಭೂಮಿಯಲ್ಲಿ ಆಳವೇ ಮಳೆಗಾಲದ ನೀರಿನ ಗೋದಾಮು. 100 ಸೆಂ.ಮೀ. ದಾಟಿದ ತುಂಡಿನಲ್ಲಿ ಹಿಂಗಾರಿ ಜೋಳ, ಕಡಲೆ ನೆಮ್ಮದಿಯಾಗಿ ಬರುತ್ತವೆ. 50ರ ಒಳಗಿನ ತುಂಡಿನಲ್ಲಿ ಅವೇ ಬೆಳೆ ಕಾಳು ಕಟ್ಟುವ ಹೊತ್ತಿಗೆ ಬಾಡುತ್ತವೆ. ಅಲ್ಲಿ ಮುಂಗಾರಿನಲ್ಲಿ ಹೆಸರುಕಾಳಿನ ಒಂದು ಬೆಳೆ ತೆಗೆದು ಬಿಡುವುದು ವಾಸಿ. ಬೋರ್‌ವೆಲ್ ನೀರು ಹಾಯಿಸುವುದಿದ್ದರೆ ಮೊದಲು ನೀರನ್ನೂ ಪರೀಕ್ಷೆ ಮಾಡಿಸಿ. ಕೆಟ್ಟ ನೀರು ಒಳ್ಳೆ ಎರೆಯನ್ನು ಕೆಲವೇ ವರ್ಷದಲ್ಲಿ ಚೌಳು ಮಾಡುತ್ತದೆ.

## ನಕ್ಷೆ ತಪ್ಪಿದೆ ಅನ್ನುವ ಗುರುತುಗಳು

ಎಲ್ಲ ಗೆರೆಗಳೂ ಬದುವಿನ ಮೇಲೇ ಬಿದ್ದಿದ್ದರೆ ನೀವು ಮಣ್ಣು ನೋಡಿಲ್ಲ, ಬದು ನೋಡಿದ್ದೀರಿ. ಇಳಿಜಾರು ಹೊಲದಲ್ಲಿ ಇಡೀ ನಕ್ಷೆಗೆ ಒಂದೇ ಮಣ್ಣು ಬಂದಿದ್ದರೂ ಅನುಮಾನ ಪಡಿ. ಎರಡು ಎಕರೆಯಲ್ಲಿ ಹತ್ತು ತುಂಡು ಬಂದಿದ್ದರೆ ಅದು ಅತಿಯಾಯಿತು. ಬೇರೆ ಥರ ಉಳಲು, ಬೇರೆ ಬೆಳೆ ಹಾಕಲು ಆಗದಷ್ಟು ಚಿಕ್ಕ ತುಂಡನ್ನು ಪಕ್ಕದ್ದಕ್ಕೆ ಸೇರಿಸಿ. ಚೌಳು, ಬಂಡೆ ಮಾತ್ರ ಎಷ್ಟೇ ಚಿಕ್ಕದಿದ್ದರೂ ಚುಕ್ಕೆ ಹಾಕಿ ತೋರಿಸಿ. ಮುಂದಿನ ಬೆಳೆ ನಿಂತಾಗ ನಕ್ಷೆ ಹಿಡಿದು ಒಂದು ಸುತ್ತು ಹೋಗಿ. ಬೆಳೆ ಹಳದಿಯಾದ ಗೆರೆಯೂ ನಿಮ್ಮ ಗೆರೆಯೂ ಕೂಡಿಬರದಿದ್ದರೆ ಅಲ್ಲೇ ಇನ್ನೊಂದು ಸಲ ಕೊರೆದು ನೋಡಿ.

ಆಳ, ಕಣ, ಇಳಿಜಾರು ಬದಲಾಗುವುದಿಲ್ಲ. ಆ ಭಾಗದ ನಕ್ಷೆ ಒಂದು ಸಲ ಸರಿಯಾಗಿ ಮಾಡಿದರೆ ಮುಗಿಯಿತು. ಜೆಸಿಬಿ ಬಿಟ್ಟರೆ ಮಾತ್ರ ಮೊದಲಿನಿಂದ ಮಾಡಬೇಕು. ಪಿಹೆಚ್, ಇಂಗಾಲ, ಪೋಷಕಾಂಶಗಳನ್ನು ಮೂರು ವರ್ಷಕ್ಕೊಮ್ಮೆ ಅದೇ ತುಂಡುಗಳ ಪ್ರಕಾರ ನೋಡಿಸಿ. ಕಾಲುವೆ ನೀರಿನ ಹೊಲದಲ್ಲಿ ಇಸಿಯನ್ನು ಪ್ರತಿ ಬೇಸಿಗೆ ನೋಡಿಸಿ. ನಕ್ಷೆಯ ಒಂದು ಪ್ರತಿ ಪಹಣಿಯ ಜೊತೆ ಇಡಿ, ಇನ್ನೊಂದರ ಫೋಟೊ ತೆಗೆದು ಮನೆಯವರಿಗೆಲ್ಲ ಕಳಿಸಿ. ಹೊಲ ಗುತ್ತಿಗೆಗೆ ಕೊಡುವಾಗ, ಹಿಸ್ಸೆ ಮಾಡುವಾಗ, ಬೋರ್‌ವೆಲ್ ಪೈಪು ಎಳೆಯುವಾಗ ಅದನ್ನು ತೆಗೆದು ಮುಂದಿಡಿ.